ತೂತು ಬಿದ್ದ ಎಲೆ

ಬಹಳ ಕಾಲದ ಹಿಂದೆ ಮಿಂಚಾಪುರ ಎಂಬ ರಾಜ್ಯದಲ್ಲಿ ತೂತು ಬಿದ್ದ ಎಲೆಯೇ ಇರಲಿಲ್ಲ. ಬೂದಿಗಣ್ಣ ಎಂಬ ಮಾಂತ್ರಿಕ ರಾಜನಿಗೆ ಬಾಡದ ಹೂಗಳ ತೋಟ ಮಾಡಿಕೊಟ್ಟು, ಹುಳ ತಿಂದ ಎಲೆ ಅಪಶಕುನವೆಂದು ಸಾರಿದ್ದ. ಅಂದಿನಿಂದ ಜನ ಬೆಳಗೆದ್ದು ರಂಗೋಲಿ ಹಾಕಿ, ಗಿಡಗಳ ಹುಳ ಆರಿಸಿ ಹಿಸುಕುತ್ತಿದ್ದರು. ಹುಳ ಕೂರುವ ಈಶ್ವರಿ ಬಳ್ಳಿಯನ್ನಂತೂ ಬೇರುಸಹಿತ ಕಿತ್ತಿದ್ದರು.

ಆ ರಾಜ್ಯದಲ್ಲಿ ಸತ್ತವರು ವರ್ಷಕ್ಕೊಮ್ಮೆ ಹೊನ್ನರೆಕ್ಕೆಯ ಚಿಟ್ಟೆಯ ಬೆನ್ನೇರಿ ಬಂದು ಮನೆಯವರೊಂದಿಗೆ ಮಾತಾಡುತ್ತಿದ್ದರು. ಬರಬರುತ್ತ ಚಿಟ್ಟೆಗಳೇ ಇಲ್ಲವಾದವು.

ಹೂ ಕಟ್ಟುವ ದೇವೀರಿಗೆ ತಂಗಿ ಚೆಲುವಿ ಸತ್ತಾಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೂವಿಲ್ಲದಾಗಲೂ ಅವಳ ಬೆರಳುಗಳು ಗಂಟು ಹಾಕುತ್ತಿದ್ದವು. ಆ ವರ್ಷ ಅವಳ ಹೊಸ್ತಿಲಿಗೆ ರೆಕ್ಕೆ ಹರಿದ ಒಂದೇ ಚಿಟ್ಟೆ ಬಂತು.

"ಅಕ್ಕಾ, ಎಲೆ ಎಲ್ಲಿ?" ಎಂದಳು ಅದರ ಬೆನ್ನ ಮೇಲಿದ್ದ ಚೆಲುವಿ. "ಇದಕ್ಕೆ ಮೊಟ್ಟೆ ಇಡೋಕೆ ಈಶ್ವರಿ ಎಲೆ ಬೇಕು. ಸಿಗದಿದ್ರೆ ನಾನು ಇನ್ನು ಬರೋಕಾಗಲ್ಲ."

ದೇವೀರಿ ಕಾಡಿಗೆ ಓಡಿದಳು. ಬಂಡೆಯ ಸಂದಿಯಲ್ಲಿ ಉಳಿದಿದ್ದ ಒಂದೇ ಬಳ್ಳಿಯನ್ನು ಹಾವೊಂದು ಸುತ್ತಿಕೊಂಡಿತ್ತು.

"ಬಳ್ಳಿ ಬೇಕಿದ್ರೆ ಕೈ ಚಾಚು. ಅದರ ಮೇಲೆ ಹರಿದುಹೋಗ್ತೀನಿ. ಬೆರಳು ಅಲುಗಿದರೆ ಕಚ್ತೀನಿ," ಎಂದಿತು ಹಾವು.

"ನನ್ನ ಕೈ ಸುಮ್ಮನಿರೋ ಜಾತಿಯದ್ದಲ್ಲ, ಹಾವಪ್ಪ."

"ಅದಕ್ಕೇ ಕೇಳಿದ್ದು."

ಹಾವು ಹರಿಯಿತು. ಬೆರಳು ಅಲುಗಲಿಲ್ಲ. ಹಾವು ಬೇರಿನ ತುಂಡೊಂದನ್ನು ಕೊಟ್ಟು, "ಎಲೆ ಹೋದರೂ ಬೇರಿದ್ದರೆ ಬಳ್ಳಿ ಸಾಯಲ್ಲ. ನೆನಪಿಟ್ಕೋ," ಎಂದಿತು.

ಬರುವ ದಾರಿಯಲ್ಲಿ ರಾಜನ ತೋಟದ ಬಾಡದ ಹೂಗಳು ಚೆಲುವಿಯ ದನಿಯಲ್ಲೇ ಕರೆದವು. "ಅಕ್ಕಾ, ಇಲ್ಲೇ ಇದ್ದೀನಿ. ಕಿತ್ತು ಮುಡ್ಕೋ." ದೇವೀರಿಯ ಕೈ ಮುಂದೆ ಹೋಯಿತು. ಆದರೆ ಬದುಕಿದ್ದಾಗ ಚೆಲುವಿ ಕಟ್ಟಲು ಉದುರಿದ ಹೂಗಳನ್ನೇ ಆರಿಸಿ ತರುತ್ತಿದ್ದಳು, ಯಾವ ಹೂವನ್ನೂ ಕೀಳಲು ಬಿಟ್ಟವಳಲ್ಲ. ದೇವೀರಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದಳು.

ಹೊಸ್ತಿಲ ಬಳಿ ನೆಟ್ಟ ಬೇರು ಮರುದಿನವೇ ಸೂರು ಹತ್ತಿತು. ಚಿಟ್ಟೆ ಮೊಟ್ಟೆಯಿಟ್ಟು ಕಣ್ಮುಚ್ಚಿತು. ಮೊಟ್ಟೆಯೊಡೆದು ಕರಿ ಹುಳಗಳು ಬಂದವು.

"ಏನೇ ದೇವೀರಿ, ಹುಳ ಸಾಕಿದ್ದೀಯ?" ಎಂದಳು ನೆರೆಮನೆಯ ಗಂಗವ್ವ. "ತೊಟ್ಟಿಲು ಕಟ್ಟೋದೊಂದು ಬಾಕಿ."

ಮರುದಿನ ಬೆಳಗ್ಗೆ ರಂಗೋಲಿ ಹಾಕಿ ಎದ್ದ ದೇವೀರಿ ಅಭ್ಯಾಸದಂತೆ ಬಳ್ಳಿಗೆ ಕೈ ಹಾಕಿದಳು. ಅವಳಿಗೆ ತಿಳಿಯುವ ಮೊದಲೇ ಬೆರಳುಗಳು ಒಂದು ಹುಳವನ್ನು ಹಿಸುಕಿಬಿಟ್ಟಿದ್ದವು. ಹಸಿರಾದ ಬೆರಳನ್ನು ಅವಳು ಸೆರಗಿಗೆ ತಿಕ್ಕಿ ತಿಕ್ಕಿ ಒರೆಸಿದಳು.

ಅಷ್ಟರಲ್ಲಿ ಬೂದಿಗಣ್ಣ ಬಂದ. ತೂತು ಬಿದ್ದ ಎಲೆಯಿಂದ ಅವನ ಮಾಯೆ ಸೋರಿಹೋಗುತ್ತಿತ್ತು. ಆದರೆ ಬಳ್ಳಿ ನೆಟ್ಟವರ ಕೈಯಿಂದಲ್ಲದೆ ಹುಳ ಬೀಳುವಂತಿರಲಿಲ್ಲ.

"ಆರಿಸಮ್ಮ," ಎಂದ ಮೆತ್ತಗೆ. "ಬಳ್ಳಿ ಬೋಳಾಗ್ತಿದೆ. ಬಳ್ಳಿ ಹೋದರೆ ತಂಗಿ ಇನ್ನೊಂದು ಸಲ ಸತ್ತಂತಲ್ಲವಾ?"

ಎಲೆಗಳು ಒಂದೊಂದಾಗಿ ಮಾಯವಾದವು. ದೇವೀರಿಯ ಬೆರಳುಗಳು ಚಡಪಡಿಸಿದವು. ಅವಳು ಎರಡೂ ಕೈಗಳ ಮೇಲೆ ಕೂತುಬಿಟ್ಟಳು.

"ಬೇರಿದೆ," ಎಂದಳು. "ತಿನ್ನಲಿ."

ಕೊನೆಯ ಎಲೆಯೂ ಹೋಯಿತು. ಬೂದಿಗಣ್ಣ ನಿಂತಲ್ಲೇ ಬೂದಿಯಾದ. ಬಾಡದ ಹೂಗಳೆಲ್ಲ ಅಂದೇ ಬಾಡಿದವು. ಹುಳಗಳು ಬೋಳು ಬಳ್ಳಿಗೆ ನೂಲು ಸುತ್ತಿ ತಮ್ಮ ತೊಟ್ಟಿಲನ್ನು ತಾವೇ ಕಟ್ಟಿಕೊಂಡವು. ಗಂಗವ್ವ ದಿನವೂ ಬಂದು ನೋಡಿ ಹೋಗುತ್ತಿದ್ದಳು.

ಬುಡದಲ್ಲಿ ಹೊಸ ಚಿಗುರು ಬಂದ ದಿನ ತೊಟ್ಟಿಲುಗಳು ಒಡೆದವು. ಹೊನ್ನರೆಕ್ಕೆಗಳು ಮನೆಮನೆಗೂ ಹಾರಿದವು. ಒಂದು ಮಾತ್ರ ದೇವೀರಿಯ ಮುಂದೆ ನಿಂತಿತು.

"ಅಕ್ಕಾ, ಈಗ ಕೈ ಚಾಚು," ಎಂದಳು ಚೆಲುವಿ.

ಮಿಂಚಾಪುರದ ಮನೆಮನೆಯಲ್ಲೂ ಈಶ್ವರಿ ಬಳ್ಳಿ ಹಬ್ಬಿತು. ಜನ ಬೆಳಗೆದ್ದು ರಂಗೋಲಿ ಹಾಕಿ ತೂತು ಬಿದ್ದ ಎಲೆ ಹುಡುಕುತ್ತಿದ್ದರು. ಸಿಕ್ಕರೆ ನೆರೆಯವರನ್ನು ಕರೆದು ತೋರಿಸುತ್ತಿದ್ದರು. ಹೀಗೆ ಎಲ್ಲರೂ ಸುಖವಾಗಿದ್ದರು. ದೇವೀರಿ ಹೂ ಕಟ್ಟಿ ಮುಗಿದ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು.