ನಾಲ್ಕನೆಯ ಪಂಪಿನ ಮಿತಿ

ಠಾಣೆಯ ಬೆಂಚುಗಳಿಗೆ ಹತ್ತಿದ ಉಪ್ಪುಕೆಸರನ್ನು ಇನ್ಸ್‌ಪೆಕ್ಟರ್ ವಿನಾರ್ಸಿಹ್ ಕಡ್ಡಿಪೊರಕೆ ಹಿಡಿದು ಉಜ್ಜುತ್ತಿದ್ದರು. ಕಾನ್‌ಸ್ಟೇಬಲ್ ಪಾರ್ಜೊ ಬಕೆಟ್ಟಿನಿಂದ ನೀರು ಹೊಯ್ಯುತ್ತಿದ್ದ. ಹಿಂದಿನ ಮಧ್ಯಾಹ್ನದ ಕಡಲುಬ್ಬರ ಸೆಮಾರಾಂಗಿನ ಉತ್ತರದ ಕೇರಿಗಳನ್ನು ಮುಳುಗಿಸಿ, ಠಾಣೆಯ ಮೆಟ್ಟಿಲು ದಾಟಿ ಒಳಗೂ ಬಂದು ಹೋಗಿತ್ತು. ಮೇ 21, ಶನಿವಾರ, ಬೆಳಿಗ್ಗೆ 7.50. ಬಾಗಿಲಲ್ಲಿ ಗದ್ದಲವೆದ್ದಿತು.

ಕಾಲಿವಾರು ಕೇರಿಯ ಏಳೆಂಟು ಜನ ಒಬ್ಬ ಮುದುಕನನ್ನು ಕೊರಳಪಟ್ಟಿ ಹಿಡಿದು ತಂದಿದ್ದರು. ಮುಂದೆ ನಿಂತವನು ಮೀನು ಹೊಗೆಯಾಡಿಸುವ ಜುವಾರಿ. ಊರಿನ ರೂಢಿಯಂತೆ ಇನ್ಸ್‌ಪೆಕ್ಟರಮ್ಮನನ್ನು 'ಬು', ಅಂದರೆ ಅಮ್ಮಾ, ಎಂದು ಕರೆದ.

"ಇವ್ನೇ ಬು, ಕೇರಿ ನೀರು ಹೊರಗೆ ಹಾಕೋ ನಾಲ್ಕನೇ ಪಂಪ್ ಕಾಯೋ ಕಸ್ಮುರಿ. ನಿನ್ನೆ ಪಂಪ್ ಹಾಕ್ದೆ ಮಲಗಿದ್ದ. ನಮ್ಮವ್ವ ಹಾಸಿಗೆ ಹಿಡಿದೋಳು. ಮಂಚದ ಮೇಲೇ ಮುಳುಗಿ ಹೋದ್ಲು."

"ಮಲಗಿರ್ಲಿಲ್ಲ ಬು," ಎಂದ ಕಸ್ಮುರಿ. "ಪಂಪ್ ನನ್ನ ಮಾತು ಕೇಳ್ಲಿಲ್ಲ."

"ಪಂಪಿಗೆ ಕಿವಿ ಎಲ್ಲಿಟ್ಟಿದ್ದೆ ಮುದುಕಾ?" ಎಂದು ಹಿಂದಿನಿಂದ ಯಾರೋ ಕೂಗಿದರು.

8.30ಕ್ಕೆ FIR ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು. ರುಜುವಾತಾದರೆ ಐದು ವರ್ಷ. ಕಸ್ಮುರಿಗೆ ಆಗಲೇ ಅರವತ್ಮೂರು. ಇನ್ಸ್‌ಪೆಕ್ಟರ್ ಅವನನ್ನು ಲಾಕಪ್ಪಿಗೆ ಹಾಕಿಸಿದರು. ಹೊರಗೆ ಬಿಟ್ಟರೆ ಸಂಜೆಯೊಳಗೆ ಇನ್ನೊಂದು FIR ಬರೆಯಬೇಕಾಗುತ್ತಿತ್ತು.

10.15ಕ್ಕೆ ಪಂಪ್‌ಮನೆಯಲ್ಲಿ ಪಂಚನಾಮೆ. ಪಂಪು ಸುಸ್ಥಿತಿಯಲ್ಲಿತ್ತು, ಎಣ್ಣೆ ತುಂಬಿತ್ತು. ಕೈಯಿಂದ ಪಂಪು ಹಾಕುವ ಗುಂಡಿಗೆ ಕಂಪನಿಯವರು ಹಚ್ಚಿದ್ದ ಸೀಲು ಒಡೆದಿತ್ತು, ಪಕ್ಕದಲ್ಲೇ ಸ್ಪ್ಯಾನರು ಬಿದ್ದಿತ್ತು. ಗೋಡೆಯ ಮೇಲೆ ಬೋರ್ಡು: 'ಸೀಲು ಮುಟ್ಟಿದವನ ಕೆಲಸ ಹೋಗುತ್ತದೆ.' ಮೇಜಿನ ಮೇಲೆ ದಾರಕ್ಕೆ ಕಟ್ಟಿದ ಪೆನ್ಸಿಲು, ನೀರು ಕುಡಿದು ಉಬ್ಬಿದ ಒಂದು ನೋಟ್‌ಬುಕ್ಕು. ಎಲ್ಲವನ್ನೂ ವಶಪಡಿಸಿಕೊಳ್ಳಲಾಯಿತು.

ಅಷ್ಟರಲ್ಲಿ ಪಂಪುಗಳ ಕಂಪ್ಯೂಟರ್ ನೋಡಿಕೊಳ್ಳುವ ಗುತ್ತಿಗೆ ಕಂಪನಿಯ ಮುಖ್ಯ ಎಂಜಿನಿಯರ್ ಹೆರ್ಮಾವನ್ ತಾನಾಗಿಯೇ ಬಂದ. ಬಿಳಿ ಬೂಟಿಗೆ ಕೆಸರು ತಾಗದಂತೆ ಇಟ್ಟಿಗೆಯಿಂದ ಇಟ್ಟಿಗೆಗೆ ಕೊಕ್ಕರೆಯ ಹಾಗೆ ಕಾಲಿಡುತ್ತ ಬಂದ. ಸತ್ತವಳ ಹೆಸರು ಕೇಳಲಿಲ್ಲ. ಕೈಯಲ್ಲಿ ವರದಿ ಸಿದ್ಧವಿತ್ತು: ಶುಕ್ರವಾರ 12.05ಕ್ಕೆ ಪಂಪ್‌ಮನೆಯ ಕೀಲಿಮಣೆಯಿಂದಲೇ ಕಾವಲುಗಾರ, ಪಂಪು ತಾನಾಗಿ ಏಳಬೇಕಾದ ನೀರಿನ ಮಿತಿಯನ್ನು ನೂರಹತ್ತರಿಂದ ಇನ್ನೂರೈವತ್ತು ಸೆಂಟಿಮೀಟರಿಗೆ ಏರಿಸಿದ್ದಾನೆ. ಹಾಗಾಗಿ ನೀರು ಕಟ್ಟೆ ದಾಟಿದರೂ ಪಂಪು ಎದ್ದಿಲ್ಲ.

"ಇಂಥೋರ ಕೈಗೆ ಯಂತ್ರ ಕೊಟ್ರೆ ಹೀಗೇ ಬು. ಕೋತಿ ಕೈಗೆ ಮಾಣಿಕ್ಯ."

"ಕೋತಿ ಯಾವ್ದು ಅಂತ ಆಮೇಲೆ ನೋಡೋಣ ಪಾಕ್," 'ಸಾಹೇಬರೇ' ಎನ್ನುವ ಆ ಮಾತನ್ನು ಇನ್ಸ್‌ಪೆಕ್ಟರ್ ಒತ್ತಿ ಹೇಳಿದರು. " ನಿಮ್ಮ ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತೆ ಹೇಳಿ."

"ಅದು ನಿಮಗೆ ಅರ್ಥ ಆಗೋಲ್ಲ."

"ಪಾರ್ಜೊ, ಬರ್ಕೋ. 'ನಮಗೆ ಅರ್ಥ ಆಗುವುದಿಲ್ಲವೆಂದು ಸಾಕ್ಷಿದಾರರು ತಿಳಿಸಿರುತ್ತಾರೆ.' ರುಜು ಮಾಡಿ ಪಾಕ್."

ಹೆರ್ಮಾವನ್ ನಗುತ್ತಲೇ ರುಜು ಮಾಡಿದ. ಅವಮಾನವೂ ಮೈಗೆ ತಾಗಲಾರದಷ್ಟು ನುಣುಪು ಮನುಷ್ಯ.

ಮಧ್ಯಾಹ್ನ 2 ಗಂಟೆಗೆ ಲಾಕಪ್ಪಿನಲ್ಲಿ ವಿಚಾರಣೆ ನಡೆಯಿತು. ಇನ್ಸ್‌ಪೆಕ್ಟರ್ ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸಿದರು. ಪರದೆಯ ಮೇಲೆ ಕಂಡದ್ದನ್ನೆಲ್ಲ ಮುದುಕ ಬರೆದಿಟ್ಟಿದ್ದ. ಶುಕ್ರವಾರ 11.00ಕ್ಕೆ ಮಿತಿ 110. ಅದರ ಕೆಳಗೆ 11.20ಕ್ಕೆ 250, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

"ಇದನ್ನ ನೋಡಿ ಏನು ಮಾಡ್ದೆ?"

"ಕಂಪನಿಗೆ ಫೋನ್ ಮಾಡ್ದೆ. 'ಪರದೆ ನಾವು ನೋಡ್ಕೋತೀವಿ, ನೀನು ನೆಲ ಗುಡಿಸು' ಅಂದ್ರು. ಮೂರು ಗಂಟೆ ಮೇಲೆ ನೀರು ಏರ್ತು. ಮತ್ತೆ ಮೂರು ಸಲ ಮಾಡ್ದೆ. ಎಲ್ಲಾ ಸರಿಯಾಗಿದೆ ಅಂದ್ರು. 3.35ಕ್ಕೆ ಸೀಲ್ ಒಡೆದು ಹಾಕ್ದೆ. ಅಷ್ಟೊತ್ತಿಗೆ..."

"12.05ಕ್ಕೆ ಎಲ್ಲಿದ್ದೆ?"

"ನಿನ್ನೆ ಶುಕ್ರವಾರ ಅಲ್ವಾ ಬು? ಮಸೀದೀಲಿ. ಆಜಾನ್ ಕೂಗೋನೇ ನಾನು. ಪಂಪ್‌ಮನೆಗೆ ಬೀಗ ಹಾಕಿದ್ದೆ, ಕೀ ಸೊಂಟದಲ್ಲಿತ್ತು."

"ನೋಡಿದೋರು?"

ಮುದುಕ ತಲೆ ತಗ್ಗಿಸಿದ. "ನನ್ನ ಪಕ್ಕ ನಿಂತಿದ್ದೋನು ಜುವಾರಿ."

ವಿನಾರ್ಸಿಹ್ ಸಾವಿನ ಮನೆಗೆ ತಾವೇ ಹೋದರು. ಜುವಾರಿ ಒದ್ದೆ ಚಾಪೆಗಳನ್ನು ಬೇಲಿಗೆ ಹರವುತ್ತಿದ್ದ. ಪ್ರಶ್ನೆ ಕೇಳಿದ ಮೇಲೆ ಇನ್ನೂ ಎರಡು ಚಾಪೆ ಹರವಿದ.

"ಅವನ ಮೊಣಕೈ ನನಗೆ ತಾಗ್ತಿತ್ತು ಬು," ಎಂದ ಕೊನೆಗೆ. "ನಮಾಜ್ ಮುಗಿಯೋವರೆಗೂ ಅಲ್ಲೇ ಇದ್ದ. ಅದನ್ನ ಬರ್ಕೊಂಡ್ರೆ ನಮ್ಮವ್ವನ್ನ ಕೊಂದೋನು ಯಾರು ಅಂತ ಆಗುತ್ತೆ?"

"ಅದನ್ನ ಹುಡುಕೋಕೇ ಬರ್ಕೋತಿರೋದು."

ಜುವಾರಿ ರುಜು ಹಾಕಿದ.

ಸೋಮವಾರ, ಮೇ 23, 9.30. ಕಂಪನಿಯ ಕಚೇರಿಯಲ್ಲಿ ಹೆರ್ಮಾವನ್ ಇರಲಿಲ್ಲ. ಪ್ರೋಗ್ರಾಮುಗಳನ್ನು ಪರೀಕ್ಷೆ ಮಾಡುವ ವುಲಾನ್ ಎಂಬ ಹುಡುಗಿ ಇದ್ದಳು. ಇನ್ಸ್‌ಪೆಕ್ಟರ್ ಅವಳನ್ನು ಮಗಳನ್ನು ಕರೆಯುವ ಹಾಗೆ ಕರೆದರು.

"ನೊಕ್, ನನಗೆ ಅರ್ಥ ಆಗೋಲ್ಲವಂತೆ. ನೀನು ಅರ್ಥ ಮಾಡ್ಸು."

ಹುಡುಗಿ ಬಾಗಿಲ ಕಡೆ ನೋಡಿದಳು. ಆಮೇಲೆ ನಿಧಾನವಾಗಿ ಹೇಳಿದಳು.

"ನಮ್ಮದು ದೊಡ್ಡ ಪ್ರೋಗ್ರಾಮ್ ಬು. ಅದರ ಹೊಟ್ಟೆಯೊಳಗೆ ಒಂದು ಸಣ್ಣ ಸ್ಕ್ರಿಪ್ಟ್ ಭಾಷೆ ಕೂರ್ಸಿದೀವಿ. ಆಯಾ ಪಂಪ್ ಕಾಯೋರು ನಾಲ್ಕು ಸಾಲು ಬರೀತಾರೆ. ನೀರು ಇಷ್ಟಾದ್ರೆ ಪಂಪ್ ಹಾಕು, ಇಷ್ಟಾದ್ರೆ ನಿಲ್ಸು ಅಂತ. ಆ ಸಾಲುಗಳು ಓಡೋಕೆ ಒಂದು ಜಾಗ ಬೇಕು, ಕಾಂಟೆಕ್ಸ್ಟ್ ಅಂತೀವಿ. ಒಂದು ಕೋಣೆ, ಅದರ ಗೋಡೆಗೆ ಒಂದು ಸ್ಲೇಟು ಅಂದ್ಕೊಳ್ಳಿ. ಪ್ರತಿ ಪಂಪಿಗೂ ಬೇರೆ ಕೋಣೆ, ಬೇರೆ ಸ್ಲೇಟು ಇರ್ಬೇಕು. ಒಬ್ಬರ ಕೋಣೆಗೆ ಇನ್ನೊಬ್ಬರು ಕಾಲಿಡಬಾರದು."

"ನಿಮ್ಮಲ್ಲಿ?"

"ಎಲ್ಲರಿಗೂ ಒಂದೇ ಕೋಣೆ. ಮಿತಿ ಅನ್ನೋ ಹೆಸರಿನ ಮುಂದೆ ನಂಬರ್ ಬರೀರಿ ಅಂತ ಎಲ್ಲರಿಗೂ ಕಲಿಸಿದ್ದೂ ನಾವೇ. ಈ ಊರಲ್ಲಿ ಒಂದು ವರ್ಷ ನಮ್ಮ ಪ್ರೋಗ್ರಾಮಿನೊಳಗೆ ನಾಲ್ಕನೇ ಪಂಪ್ ಒಂದೇ ಇತ್ತು, ಏನೂ ಆಗ್ಲಿಲ್ಲ. ಬೇರೆ ಊರುಗಳಲ್ಲಿ ಇದುವರೆಗೆ ಪಂಪುಗಳ ಮಿತಿ ಹೆಚ್ಚುಕಡಿಮೆ ಒಂದೇ ಇತ್ತು, ಹಾಗಾಗಿ ಅಲ್ಲೂ ಗೊತ್ತಾಗ್ಲಿಲ್ಲ. ಶುಕ್ರವಾರ 11.05ಕ್ಕೆ ಏಳನೇ ಪಂಪನ್ನ ಸೇರಿಸಿದ್ವಿ. ಅದು ಬಂದು ನಾಲ್ಕನೇದರ ಸ್ಲೇಟ್ ಒರೆಸಿ ತನ್ನ ಮಿತಿ ಬರೀತು."

ಇನ್ಸ್‌ಪೆಕ್ಟರ್ ಅಲ್ಲೇ ಕಾದರು; ಪಾರ್ಜೊ ಏಳನೆಯ ಪಂಪ್‌ಮನೆಗೆ ಹೋಗಿ ಬಂದ. ಅಲ್ಲಿ ನೆಲ ವರ್ಷವರ್ಷವೂ ಕುಸಿಯುತ್ತದೆ, ನೀರಳೆಯುವ ಕಂಬವೂ ಜೊತೆಗೇ ಇಳಿಯುತ್ತದೆ. ಕಂಬ ಇಳಿದಷ್ಟೂ ಅಂಕಿ ಹೆಚ್ಚು ತೋರಿಸುತ್ತದೆ. ಆದ್ದರಿಂದ ಅಲ್ಲಿನ ಕಾವಲುಗಾರ ಲೆಕ್ಕ ಹಾಕಿಯೇ 250 ಬರೆದಿದ್ದ. ಅವನ ಕಂಬಕ್ಕೆ ಅದು ಸರಿಯಾದ ಅಂಕಿ. ನಾಲ್ಕನೆಯ ಕಂಬಕ್ಕೆ ಅದು ಸಾವಿನ ಅಂಕಿ.

"12.05ರ ದಾಖಲೆ?" ಎಂದರು ಇನ್ಸ್‌ಪೆಕ್ಟರ್.

ಯಂತ್ರ ಎರಡು ಗಂಟೆಗೊಮ್ಮೆ ತಾನಾಗಿ ಉಳಿಸಿಡುವ ದಾಖಲೆಯ ಎರಡು ಪ್ರತಿಗಳನ್ನು ವುಲಾನ್ ತೆರೆದಳು. ಶುಕ್ರವಾರ ಸಂಜೆ 4 ಗಂಟೆಯ ಪ್ರತಿಯಲ್ಲಿ ಆ ಸಾಲು ಇರಲೇ ಇಲ್ಲ. 6 ಗಂಟೆಯದರಲ್ಲಿ ಇತ್ತು. 5.40ಕ್ಕೆ ಅದನ್ನು ಸೇರಿಸಿದ್ದು ಹೆರ್ಮಾವನ್‌ನ ಹೆಸರಿನಿಂದ. ಜುವಾರಿಯ ತಾಯಿ ರುಕಿಯಾಹ್ ಮುದುಕಿಯ ಹೆಣವನ್ನು ಮಂಚದಿಂದ ಇಳಿಸುತ್ತಿದ್ದ ಹೊತ್ತು ಅದು.

"ಇದು ನಿನಗೆ ಮೊದಲೇ ಗೊತ್ತಿತ್ತಾ ನೊಕ್?"

"ಒಂದೇ ಕೋಣೆ ಅನ್ನೋದು ಗೊತ್ತಿತ್ತು. ಅಕ್ಟೋಬರಿನಲ್ಲೇ ಎಚ್ಚರಿಕೆಯ ಪತ್ರ ಬರೆದೆ, ಈ ಪ್ರೋಗ್ರಾಮ್ ತಗೊಂಡಿರೋ ಹನ್ನೆರಡು ಊರಿನ ನೀರಿನ ಮಂಡಳಿಗಳಿಗೆ. 'ಕಳಿಸಿದ ದಿನವೇ ನೀನು ಮನೆಗೆ' ಅಂದ್ರು ಕಂಪನಿಯವರು. ಕಳಿಸ್ಲಿಲ್ಲ." ಹುಡುಗಿ ಮೂಗೊರೆಸಿಕೊಂಡಳು. ಇನ್ಸ್‌ಪೆಕ್ಟರ್ ಸಮಾಧಾನ ಹೇಳಲಿಲ್ಲ.

ಬುಧವಾರ, ಮೇ 25, ಬೆಳಿಗ್ಗೆ 9.10ಕ್ಕೆ ಹೆರ್ಮಾವನ್‌ನನ್ನು ಅವನ ಮನೆಯಲ್ಲಿ ಬಂಧಿಸಲಾಯಿತು. ಠಾಣೆಯಲ್ಲಿ ಎರಡು ಪ್ರತಿಗಳನ್ನೂ ಎದುರಿಗಿಟ್ಟಾಗ ನಗು ಸ್ವಲ್ಪ ಸಡಿಲವಾಯಿತು.

"ಒಂದೊಂದು ಪಂಪಿಗೆ ಒಂದೊಂದು ಕೋಣೆ ಯಾಕೆ ಕೊಡ್ಲಿಲ್ಲ?"

"ಒಂದೇ ಕೋಣೆ ಆದ್ರೆ ಹಗುರ. ಇಷ್ಟು ಸಣ್ಣ ಯಂತ್ರದಲ್ಲಿ ಇಷ್ಟು ಪಂಪ್ ಯಾರೂ ಓಡಿಸಿಲ್ಲ ಅಂತ ಎಲ್ಲರೂ ಹೊಗಳಿದ್ರು."

"ಸುಳ್ಳು ಸಮಯ ಬರೆಯೋವಾಗ ಶುಕ್ರವಾರ ಅನ್ನೋದು ಹೊಳೀಲಿಲ್ವಾ? ಊರ ಗಂಡಸರೆಲ್ಲ ಎಲ್ಲಿರ್ತಾರೆ ಅಂತ ಕೂಸಿಗೂ ಗೊತ್ತು."

"ಶುಕ್ರವಾರ ಆ ಹೊತ್ತಿಗೆ ನಾನು ಊಟ ಮಾಡ್ತಿದ್ದೆ." ಆಮೇಲೆ ಹೇಳಿದ: "ನನ್ನ ಮಾತಿಗೆ ಎದುರಾಗಿ ಪಂಪ್ ಕಾಯೋನ ಮಾತನ್ನ ಯಾರಾದ್ರೂ ಕೇಳ್ತಾರೆ ಅಂದ್ಕೊಂಡಿರ್ಲಿಲ್ಲ."

ಪಾರ್ಜೊ ಬಂಧನದ ನಮೂನೆ ತುಂಬಿಸುತ್ತಿದ್ದ. "ತಂದೆಯ ಉದ್ಯೋಗ?"

"ಸರ್ಕಾರಿ ನೌಕರ."

"ಯಾವ ಕೆಲಸ?"

ಹೆರ್ಮಾವನ್ ಬಗ್ಗಿ ಬೂಟಿನ ತುದಿ ಒರೆಸಿದ. "ಕಾಲುವೆ ತೂಬು ಕಾಯೋನು."

ಪಾರ್ಜೊ ತಲೆಯೆತ್ತದೆ ಬರೆದುಕೊಂಡ.

10.40ಕ್ಕೆ ಕಸ್ಮುರಿಯನ್ನು ಬಿಟ್ಟರು. ಹೊರಗೆ ಜುವಾರಿ ನಿಂತಿದ್ದ. ಕ್ಷಮೆ ಕೇಳಲಿಲ್ಲ, ಮುದುಕನ ಬಟ್ಟೆಗಂಟನ್ನು ಕೈಯಿಂದ ತೆಗೆದುಕೊಂಡು ಮುಂದೆ ನಡೆದ. ಮುದುಕ ಹಿಂದೆ ಹೋದ.

ಹೇಳಿಕೆಗೆ ರುಜು ಹಾಕಿ ಮುಗಿಸಿದ್ದ ವುಲಾನ್ ಇನ್ನೂ ಬೆಂಚಿನ ಮೇಲೆ ಫೋನು ಹಿಡಿದು ಕೂತಿದ್ದಳು. ಪರದೆಯಲ್ಲಿ ಆ ಪತ್ರವಿತ್ತು.

"ಈಗ್ಯಾಕೆ ಅದು?" ಎಂದ ಪಾರ್ಜೊ. "ಕೇಸಿಗೆ ಬೇಕಾದ್ದೆಲ್ಲ ಸಿಕ್ಕಿದೆಯಲ್ಲ."

"ಇನ್ನೂ ಹನ್ನೊಂದು ಊರಲ್ಲಿ ಅದೇ ಒಂದು ಕೋಣೆ ಓಡ್ತಿದೆ ಅಣ್ಣಾ. ಮುಂದಿನ ದೊಡ್ಡ ಉಬ್ಬರಕ್ಕೆ ಎರಡು ವಾರವೂ ಇಲ್ಲ."

"ತಾರೀಕು ಅಕ್ಟೋಬರ್ ಅಂತಿದೆ. ಬದಲಾಯಿಸ್ಕೋ, ಇಲ್ದಿದ್ರೆ ಇಷ್ಟು ದಿನ ಯಾಕೆ ಕಳಿಸ್ಲಿಲ್ಲ ಅಂತ ನಿನ್ನನ್ನೇ ಕೇಳ್ತಾರೆ."

ಹುಡುಗಿ ಇನ್ಸ್‌ಪೆಕ್ಟರ್ ಕಡೆ ನೋಡಿದಳು. ವಿನಾರ್ಸಿಹ್ ಕೇಸಿನ ಕಡತಕ್ಕೆ ದಾರ ಕಟ್ಟುತ್ತಿದ್ದರು, ತಲೆಯೆತ್ತಲಿಲ್ಲ.

"ಕೇಳ್ಲಿ," ಎಂದಳು ವುಲಾನ್. ತಾರೀಕನ್ನು ಹಾಗೇ ಬಿಟ್ಟು, ಕಳಿಸುವ ಗುಂಡಿ ಒತ್ತಿದಳು.