ಕೀಬೋರ್ಡಿನ ನಡುವಿನ ಪದ

ಗೌರೀಶನದು ಮೂವತ್ತು ವರ್ಷದ ಸರ್ವಿಸು, ಅವಧೂತನದು ಇಪ್ಪತ್ತಾರು. ಆದರೂ ಖಾನಾಪುರದ ಆ ಹೈಸ್ಕೂಲಿನ ಹೆಡ್‌ಮಾಸ್ತರ ಖುರ್ಚಿ ಅವಧೂತನ ಪಾಲಾಯಿತು. ಅಷ್ಟೇ ಆಗಿದ್ದರೆ ಗೌರೀಶ ನುಂಗಿಕೊಳ್ಳುತ್ತಿದ್ದ. ಇತ್ತೀಚೆಗೆ ಆ ಮನುಷ್ಯ ಬಂದ ಸುತ್ತೋಲೆಗಳನ್ನೆಲ್ಲ ಇವನತ್ತ ತಳ್ಳಿ, "ನೀವs ಓದ್ರಿ ಸರ್, ಕೇಳ್ತೀನಿ" ಎನ್ನತೊಡಗಿದ್ದ. ಎಲ್ಲರೆದುರು ಜವಾನನಂತೆ ನಿಂತು ಓದುವಾಗ ಗೌರೀಶನಿಗೆ ಮೈಯೆಲ್ಲ ಉರಿಯುತ್ತಿತ್ತು. ನಿವೃತ್ತಿಗೆ ಇನ್ನು ಮೂರೇ ವರ್ಷ. ಆ ಖುರ್ಚಿ ಈಗ ಬರದಿದ್ದರೆ ಇನ್ನೆಂದೂ ಬರುವುದಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವನು ಆರಿಸಿದ ಕೋಲು ಅವಧೂತನದೇ ಮೊಬೈಲು.

ಕೀಬೋರ್ಡು ಬರೆಯುವವರ ಮಾತನ್ನು ಕಲಿಯುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಪದದ ಬೆನ್ನಿಗೆ ಯಾವ ಪದ ಬಂದಿತ್ತೆಂದು ಅದು ನೆನಪಿಡುತ್ತದೆ. ಒಂದು ಪದ ಬರೆದೊಡನೆ, ಮುಂದೆ ಬರಬಹುದಾದ ಮೂರನ್ನು ಸಾಲಾಗಿ ತೋರಿಸುತ್ತದೆ. ಹೆಚ್ಚು ರೂಢಿಯಾದದ್ದು ನಡುವೆ ಕೂರುತ್ತದೆ. ಸತ್ತವರ ಹೆಸರಿನಲ್ಲಿ ತಮ್ಮ ಮಾತು ಬರೆದ ದಡ್ಡರು ಸಿಕ್ಕಿಬೀಳುತ್ತಾರೆ. ಗೌರೀಶ ಬರೆಯುವುದಿಲ್ಲ, ಆರಿಸುತ್ತಾನೆ. ಅವಧೂತನ ಮಾತು ಅವಧೂತನ ಮೊಬೈಲಿನಿಂದಲೇ ಬರುತ್ತದೆ.

ಭಾನುವಾರ ಬೆಳಿಗ್ಗೆ ತನ್ನ ಮೊಬೈಲನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಹೊರಟ. ಟಿಳಕವಾಡಿಯಲ್ಲಿ ಅವಧೂತನ ಮನೆಯಿಂದ ದೂರಕ್ಕೆ, ರಸ್ತೆಯ ಆಚೆ ಬದಿಗೆ ಕಾರು ನಿಲ್ಲಿಸಿದ. "ಸಾಲಿ ಟ್ರಿಪ್ಪಿಗೆ ಕಣಕುಂಬಿ ಬಾಜೂಕ ಒಂದ್ ಜಾಗಾ ನೋಡೂಣು ಬರ್ರಿ. ಸದ್ಯ ಯಾರಿಗೂ ಹೇಳಬ್ಯಾಡ್ರಿ" ಎಂದು ಶನಿವಾರವೇ ಹೇಳಿಟ್ಟಿದ್ದ. ಅವಧೂತ ನಗುತ್ತಾ ಬಂದು ಹತ್ತಿದ.

ಕಾಡಿನೊಳಗೆ ಕಣಿವೆಯ ಅಂಚಿನಲ್ಲಿ ಫೋಟೊ ತೆಗೆಯುವ ನೆಪದಿಂದ ಗೌರೀಶ ಮೊಬೈಲು ಇಸಿದುಕೊಂಡ. ಅದರ ನಾಲ್ಕಂಕಿಯ ಗುಟ್ಟು ಸ್ಟಾಫ್‌ರೂಮಿಗೆಲ್ಲ ಗೊತ್ತಿದ್ದದ್ದೇ. ಅವಧೂತ ಇವನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದ.

"ಕೈ ಬಿಡಬ್ಯಾಡ್ರಿ ಸರ್, ದಾರಿ ಭಾಳ ಖರಾಬ್ ಅದ."

ಗೌರೀಶ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ನೂಕಿದ.

ಕೆಳಗಿನ ಸದ್ದು ನಿಲ್ಲುವವರೆಗೆ ಕಾದ. ಶಿಕ್ಷಕರ ಗ್ರೂಪ್ ತೆರೆದು 'ಮನಸ್ಸಿಗೆ' ಎಂದು ಒತ್ತಿದ. ನಡುವೆ 'ಸಮಾಧಾನ' ಬಂತು. ಬೇಕಾದಲ್ಲಿ ಒಂದಕ್ಷರ ಕೊಟ್ಟ, ಮಿಕ್ಕಿದ್ದನ್ನು ಕೀಬೋರ್ಡು ಕೊಟ್ಟಿತು. 'ಮನಸ್ಸಿಗೆ ಸಮಾಧಾನ ಇಲ್ಲ. ಗೋವಾ ಕಡೆ ಹೊಂಟೀನಿ. ಹುಡುಕಬ್ಯಾಡ್ರಿ. ಕಾಳಜಿ ಮಾಡಬ್ಯಾಡ್ರಿ.' ಗ್ರೂಪಿನಲ್ಲಿ ನಾಲ್ಕು ತಿಂಗಳಿಂದ ಓದಿದ್ದ ಅದೇ ಧಾಟಿ! ನೆಟ್‌ವರ್ಕಿನ ಒಂದೇ ಗೆರೆ ಹೋಗಿ ಬಂದು ಮಾಡುತ್ತಿತ್ತು. ಮೆಸೇಜು ಹೋಗಲು ಎರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಬರುವಾಗ ಚಹಾದಂಗಡಿಯೆದುರು ನಿಂತಿದ್ದ, ಗೋವಾಕ್ಕೆ ಹೊರಟ ಲಾರಿಯ ತಾಡಪತ್ರಿ ಹೊದಿಕೆಯೊಳಗೆ ಮೊಬೈಲನ್ನು ತುರುಕಿದ. ಇನ್ನು ಅವಧೂತ ತಾನಾಗಿಯೇ ಗಡಿ ದಾಟುತ್ತಾನೆ.

ಸಂಜೆ ಮುಖ ಸಣ್ಣದು ಮಾಡಿಕೊಂಡು ಟಿಳಕವಾಡಿಗೆ ಹೋದ. ಇನ್ಸ್‌ಪೆಕ್ಟರ್ ಬಸಲಿಂಗಪ್ಪ ಆಗಲೇ ಬಂದು ಕುಳಿತಿದ್ದರು. ಅವಧೂತನ ಹೆಂಡತಿ ಕುಮುದಿನಿ ಯಾರದೋ ಮೊಬೈಲಿನಲ್ಲಿ ಆ ಮೆಸೇಜನ್ನೇ ನೋಡುತ್ತಿದ್ದಳು.

"ಬರ್ತಾರ ವೈನಿ. ಮನಸ್ಸಿಗೆ ಏನೋ ಹಚ್ಚಿಕೊಂಡಾರ" ಎಂದ ಗೌರೀಶ. "ಓದಿದ್ರ ಅವರs ಎದುರು ಕುಂತು ಮಾತಾಡಿದಂಗ ಐತಿ."

"ನಾ ಮಾತಾಡಿದಂಗ ಅದ" ಎಂದಳು ಕುಮುದಿನಿ ತಲೆಯೆತ್ತಿ. ಬಸಲಿಂಗಪ್ಪ ಎದ್ದು ಹೋಗಿ ಬಾಗಿಲಲ್ಲಿ ನಿಂತರು. ಅವಳು ಮುಂದುವರಿಸಿದಳು: "ನಾಕು ತಿಂಗಳಾತು, ಅವರಿಗೆ ಅಕ್ಷರ ಕಾಣಂಗಿಲ್ಲ. ಸಾಲ್ಯಾಗ ಗೊತ್ತಾಗಬಾರದಂತ ಅವರ ಮೊಬೈಲ್‌ನ್ಯಾಗ ಮೆಸೇಜೆಲ್ಲಾ ನಾನs ಟೈಪ್ ಮಾಡಾಕಿ. ನಾಳೆ ರಾಜೀನಾಮಿ ಕೊಟ್ಟು, ಖುರ್ಚಿ ಗೌರೀಶ ಸರ್‌ಗೇ ಕೊಡ್ರಿ ಅಂತ ಹೇಳಾವ್ರಿದ್ರು. ಅದನ್ನೂ ನಾನs ಬರದೀನಿ. ಮುಂಜಾನಿ ಅವರೊಬ್ರs ರಸ್ತಾ ಹೆಂಗ ದಾಟ್ತಾರ ಅಂತ ಜೀವ ತಡೀಲಿಲ್ಲ ನನಗ. ನಿಮ್ಮ ಕಾರ್ ಹತ್ತೂತನಕ ಅವರ ಹಿಂದs ನಿಂತಿದ್ದೆ."