ಎರಡನೇ ಭಾಗ ಓದದವಳು

"ಬಾಯಿ ಇಲ್ಲದೆ ಇರೋದು ನಿಮ್ಮ ಸರ್ವರ್‌ಗಾ, ಇಲ್ಲಾ ನಿಮಗಾ?"

ಬಾಗಿಲು ತಟ್ಟುವ ಸೌಜನ್ಯವನ್ನೂ ತೋರದೆ ಒಳನುಗ್ಗಿದವಳು ಕೇಳಿದ ಮೊದಲ ಮಾತು ಅದು!

ಆಸ್ಪತ್ರೆಯ ನೆಲಮಾಳಿಗೆಯ ಕಂಪ್ಯೂಟರ್ ಕೋಣೆ. ಫ್ಯಾನಿನ ಗುಂಯ್ ಸದ್ದು, ನೆಲದ ತುಂಬ ವೈರು. ಅದರ ನಡುವೆ ಕೂತಿದ್ದವನು ತಲೆಯೆತ್ತಿದ. ಶಾಂತವಾದ ಕಣ್ಣು... ಅದೇ ಅವಳ ಮೈ ಉರಿಸಿತು.

ಅವಳು ಸ್ಕ್ಯಾನಿಂಗ್ ಯಂತ್ರ ಮಾರುವ ಕಂಪನಿಯವಳು. ರೋಗಿಯ ವಿವರ ಮತ್ತು ಯಂತ್ರ ತೆಗೆದ ಚಿತ್ರ, ಎರಡನ್ನೂ ಒಟ್ಟಿಗೆ ಆಸ್ಪತ್ರೆಯ ಸರ್ವರ್‌ಗೆ ಕಳಿಸುವ ಕೋಡ್ ಅವಳದು. ತೆಗೆದುಕೊಂಡು ಉತ್ತರ ಕೊಡುವ ಕೋಡ್ ಅವನದು. ಇದಕ್ಕೆ ಮಲ್ಟಿಪಾರ್ಟ್ ಅಂತ ಹೆಸರು. ಬ್ರಹ್ಮವಿದ್ಯೆಯೇನಲ್ಲ, ಟಿಫಿನ್ ಕ್ಯಾರಿಯರ್ ಇದ್ದ ಹಾಗೆ. ಒಂದರ ಮೇಲೊಂದು ಡಬ್ಬಿ, ನಡುನಡುವೆ ಗಡಿಯ ಗೆರೆ, ಎಲ್ಲ ಮುಗಿದ ಮೇಲೆ ಒಂದು ಮುಕ್ತಾಯದ ಗೆರೆ. ಇಷ್ಟು ತಿಳಿದವರೇ ಅವಳ ಕಂಪನಿಯಲ್ಲಿ ಪಂಡಿತರಂತೆ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದರು. ಅವಳಂತೂ ಆ ಪಂಡಿತರಿಗೇ ಪಾಠ ಹೇಳುವವಳು.

"ನೀವು ಮುಕ್ತಾಯದ ಗೆರೆ ಹಾಕಿಲ್ಲ," ಅಂದ ಅವನು. "ಇನ್ನೂ ಏನೋ ಬರುತ್ತೆ ಅಂತ ನನ್ನ ಸರ್ವರ್ ಕಾಯ್ತಾ ಕೂತಿತ್ತು."

"ಕಾಯೋದು! ನಿಮಗೆ ಅದೊಂದೇ ಗೊತ್ತಿರೋದು!"

ಬೈದದ್ದಾಯಿತು, ಗೆರೆ ಹಾಕಿದ್ದೂ ಆಯಿತು. ಥ್ಯಾಂಕ್ಸ್ ಹೇಳಿದಳೇ? ಎಲ್ಲಿ ಬಂತು! ಬದಲಿಗೆ ಅವನಿಗೊಂದು ಅಡ್ಡಹೆಸರಿಟ್ಟಳು. ಮೂಕಬಸವ!

ಕೆಲಸ ಮುಗಿಯುವವರೆಗೆ ಅದೇ ಕೋಣೆಯಲ್ಲಿ ಕೂರಬೇಕಾಯಿತು. ಅವಳು ಏನು ಕಳಿಸಿದರೂ ಅವನ ಕಡೆಯಿಂದ ಬರುತ್ತಿದ್ದದ್ದು ಒಂದೇ ಮಾತು: "ಸ್ವೀಕರಿಸಿಲ್ಲ."

ಯಾಕೆ? ಏನು ತಪ್ಪು? ಊಹೂಂ!

'ಅಹಂಕಾರಿ! ಕಾರಣ ಹೇಳೋಕೂ ನಾನು ಲಾಯಕ್ಕಿಲ್ವಾ ಇವನಿಗೆ?'

ಆದರೆ ಅದೇ ಅಹಂಕಾರಿ, ಅವಳು ಎಡವಿದ ಮರುದಿನವೇ ವೈರುಗಳನ್ನೆಲ್ಲ ಗೋಡೆಗೆ ಕಟ್ಟಿದ್ದ. ಅವಳು ಸೆರಗು ಬಿಗಿಯಾಗಿ ಹೊದ್ದುಕೊಂಡದ್ದು ಕಂಡರೆ ಎದ್ದು ಹೋಗಿ ಫ್ಯಾನನ್ನು ಆಚೆ ತಿರುಗಿಸುತ್ತಿದ್ದ. ಒಂದು ಮಾತಿಲ್ಲ, ಕತೆಯಿಲ್ಲ. ಅವನು ಬಗ್ಗಿ ಕೆಲಸ ಮಾಡುವಾಗ ಹಣೆಗೆ ಬೀಳುವ ಕೂದಲನ್ನು ತಾನು ನೋಡುತ್ತಾ ಕೂತಿದ್ದೇನೆಂದು ಅವಳಿಗೆ ಹೊಳೆದ ದಿನ, ತನ್ನ ಮೇಲೇ ಅಸಹ್ಯವಾಯಿತು.

'ಥೂ! ಹೋಗಿ ಹೋಗಿ ಈ ಮೂಕಬಸವನಾ?'

ಅಷ್ಟರಲ್ಲಿ ಅಮ್ಮನ ಫೋನು.

"ಈ ಗಂಡೂ ಬೇಡ್ವಂತೆ? ಫೋಟೋ ಬಿಟ್ಟು ಇನ್ನೇನಾದ್ರೂ ನೋಡಿದ್ಯೇನೇ?"

"ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಸಾಕಮ್ಮ."

"ಬೆಂದಿದ್ಯಾ ಅಂತ ಗೊತ್ತಾಗತ್ತೆ ಕಣೇ. ಹೊಟ್ಟೆ ತುಂಬತ್ತಾ?"

ಅವಳು ಪಟಕ್ಕನೆ ಫೋನ್ ಇಟ್ಟಳು. ಬುದ್ಧಿ ಹೇಳಿದವರ ಫೋನ್ ಇಡುವುದರಲ್ಲಿ ಅವಳಷ್ಟು ಚುರುಕು ಇನ್ನೊಬ್ಬರಿಲ್ಲ.

ಅವತ್ತು ಮತ್ತೆ "ಸ್ವೀಕರಿಸಿಲ್ಲ" ಬಂದಾಗ ತಡೆಯಲಾಗಲಿಲ್ಲ.

"ಏನ್ರೀ, ಬಾಯಿ ಬಿಟ್ರೆ ಮುತ್ತು ಉದುರಿ ಹೋಗತ್ತಾ?"

ಅವನ ಕಿವಿ ಕೆಂಪಾಯಿತು. "ಎಲ್ಲಾ... ಉತ್ತರದಲ್ಲೇ ಬರ್ದಿದ್ದೀನಲ್ಲ. ಓದಿಲ್ವಾ?"

"ಓದ್ದೆ. ಚೆನ್ನಾಗಿ ಓದ್ದೆ!"

"ಪೂರ್ತಿ?"

"ಪೂರ್ತಿ! ಓದೋಕೇನಿದೆ ಅದ್ರಲ್ಲಿ, ಕರ್ಮ!"

ಅವನ ಮುಖ ಬಾಡಿತು. "ಸರಿ... ಅರ್ಥ ಆಯ್ತು," ಎಂದವನೇ ತನ್ನ ಪರದೆಗೆ ತಿರುಗಿದ.

ಏನು ಅರ್ಥವಾಯಿತೆಂದು ಕೇಳುವ ವ್ಯವಧಾನ ಅವಳಿಗೆಲ್ಲಿತ್ತು? ನೇರ ದೊಡ್ಡ ಡಾಕ್ಟರ ಬಳಿ ಹೋಗಿ ದೂರು ಕೊಟ್ಟಳು.

ಆಸ್ಪತ್ರೆ ನಡೆಸುತ್ತಿದ್ದ ದೊಡ್ಡ ಡಾಕ್ಟರು ಮರುದಿನವೇ ಇಬ್ಬರನ್ನೂ ಮೀಟಿಂಗ್ ಕೋಣೆಗೆ ಕರೆಸಿದರು. "ಯಂತ್ರ ಬಂದು ಕೂತಿದೆ, ಚಿತ್ರಗಳು ಪೆನ್‌ಡ್ರೈವಲ್ಲಿ ಓಡಾಡ್ತಿವೆ. ಓದಿದವರಂತೆ, ನಾಚಿಕೆ ಆಗಲ್ವಾ? ಯಾರದು ತಪ್ಪು ಅಂತ ಈಗಲೇ ಗೊತ್ತಾಗ್ಬೇಕು. ಅವರು ನಾಳೆಯಿಂದ ಇಲ್ಲಿ ಕಾಲಿಡಬಾರ್ದು!"

"ನಾನು ತೋರಿಸ್ತೀನಿ ಸಾರ್."

ಅವನ ಮಾನ ಹರಾಜು ಹಾಕುವ ಹುರುಪು ಅವಳಿಗೆ. ತನ್ನ ಕೋಡ್ ಸೋಸಿ ಕೊಟ್ಟದ್ದಲ್ಲ, ಹಿಂದಿನ ದಿನ ಸರ್ವರ್‌ನಿಂದ ಬಂದ ಉತ್ತರವನ್ನು ಬಂದ ಹಾಗೇ ಗೋಡೆಯ ಮೇಲೆ ತೆರೆದಳು.

"ನೋಡಿ! 'ಸ್ವೀಕರಿಸಿಲ್ಲ' ಅಷ್ಟೆ. ಇನ್ನೊಂದಕ್ಷರ..."

ಇತ್ತು. ಒಂದಲ್ಲ, ಬೇಕಾದಷ್ಟು! ಗಡಿಯ ಗೆರೆ, ಅದರ ಕೆಳಗೆ ಎರಡನೇ ಭಾಗ.

ದೊಡ್ಡ ಡಾಕ್ಟರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "'ಕಾರಣ: ಚಿತ್ರದ ಭಾಗಕ್ಕೆ ನೀವು ಬರಹ ಅಂತ ಗುರುತು ಹಾಕಿದ್ದೀರಿ. ಆ ಒಂದು ಸಾಲು ಬದಲಾಯಿಸಿದರೆ ಸಾಕು. ಬೆಳಿಗ್ಗೆಯಿಂದ ನೀವು ಏನೂ ತಿಂದಿಲ್ಲ. ನನ್ನನ್ನು ಬೈಯೋಕೂ ಶಕ್ತಿ ಬೇಕಲ್ಲ? ಕ್ಯಾಂಟೀನಿಗೆ ಬರ್ತೀರಾ... ನನ್ನ ಜೊತೆ?' ಏನ್ರೀ ಇದು?"

ಅವಳು ಗೋಡೆಯತ್ತ ತಿರುಗಿ ಮೊದಲ ಸಲ ಪೂರ್ತಿ ಓದಿದಳು.

ಎಲ್ಲ ಉತ್ತರಗಳಲ್ಲೂ ಅವನು ಕಾರಣ ಬರೆದಿದ್ದ. ಅವಳ ಕೋಡ್ ಮಾತ್ರ ಮೇಲಿನ ಡಬ್ಬಿ ತೆರೆದು ಉಳಿದದ್ದನ್ನೆಲ್ಲ ಚೆಲ್ಲುತ್ತಿತ್ತು. ಹಾಗೆ ಚೆಲ್ಲು ಎಂದು ಬರೆದವಳು ಅವಳೇ!

'ಪೂರ್ತಿ ಓದ್ದೆ ಅಂದೆನಲ್ಲಾ... ಓದಿ, ಕರ್ಮ ಅಂದೆ ಅಂತ ತಿಳ್ಕೊಂಡಿದ್ದಾನೆ!'

"ತಪ್ಪು ನನ್ನದೇ ಸಾರ್," ಅಂದ ಅವನು ತಲೆ ತಗ್ಗಿಸಿ. "ಬಾಯಲ್ಲಿ ಹೇಳ್ಬೇಕಿತ್ತು. ಇವರ ಎದುರು ಬಾಯೇ ಬರಲ್ಲ ನನಗೆ."

ಸುಮ್ಮನಿದ್ದಿದ್ದರೆ ಅವಳು ಬಚಾವು. ಅವನು ನಾಳೆಯಿಂದ ಇಲ್ಲ, ಅಷ್ಟೆ.

ನಾಳೆಯಿಂದ ಇಲ್ಲ... ಅಷ್ಟೇ ಸಾಕಾಯಿತು.

"ಸುಳ್ಳು ಸಾರ್!" ಎಂದು ತನ್ನ ಕೋಡನ್ನೇ ಗೋಡೆಗೆ ಹಾಕಿದಳು. 'ಮೊದಲ ಭಾಗ ಮಾತ್ರ ಓದು' ಎಂಬ ಸಾಲಿನ ಪಕ್ಕದಲ್ಲಿ ಅವಳ ಟಿಪ್ಪಣಿ ರಾರಾಜಿಸುತ್ತಿತ್ತು: 'ಉಳಿದದ್ದು ಬೇಡ. ಇವರು ಇನ್ನೇನು ಕಡಿದು ಕಟ್ಟೆ ಹಾಕಿರ್ತಾರೆ!'

ದೊಡ್ಡ ಡಾಕ್ಟರು ಅದನ್ನೂ ಬಿಡದೆ ಗಟ್ಟಿಯಾಗಿ ಓದಿದರು. ಅವಳು ನಾಚಿಕೆಯಿಂದ ಹಿಡಿಯಷ್ಟಾದಳು.

"ಸಂಜೆಯೊಳಗೆ ಚಿತ್ರ ಬಂದ್ರೆ ನಾನು ಇದ್ಯಾವುದನ್ನೂ ಓದಿಲ್ಲ. ಬರದಿದ್ರೆ ನಾಳೆಯಿಂದ ಬರಬಾರದ್ದು ನೀವಮ್ಮ," ಎಂದು ಅವರು ಎದ್ದು ಹೋದರು.

ಬದಲಾಯಿಸಬೇಕಾದದ್ದು ಒಂದೇ ಸಾಲು. ನೆಲಮಾಳಿಗೆಯಲ್ಲಿ ಅವಳು 'ಬರಹ' ಅನ್ನುವ ಗುರುತನ್ನು 'ಚಿತ್ರ' ಎಂದು ತಿದ್ದಿ ಕಳಿಸಿದಳು. ಅವನ ಪರದೆಯ ಮೇಲೆ ಯಾರದೋ ಮೊಣಕಾಲಿನ ಚಿತ್ರ ಬೆಳ್ಳಗೆ ಮೂಡಿತು. ಇಷ್ಟಕ್ಕೆ ಇಷ್ಟು ರಾಮಾಯಣ!

"ಕ್ಷಮಿಸಿ," ಅಂದಳು. ಆ ಪದ ಅವಳ ಬಾಯಿಗೆ ಹೊಸದು, ತೊದಲಿತು. "ಕ್ಯಾಂಟೀನಿಗೆ ಕರೆದ್ರಲ್ಲ... ನಾನು ಉತ್ತರ ಕೊಟ್ಟಿಲ್ಲ."

"ಕರ್ಮ ಅಂದ್ರಲ್ಲ. ಅದೇ ಉತ್ತರ ಅಂದ್ಕೊಂಡೆ."

"ಅದು ಮೊದಲನೇ ಭಾಗ. ನನ್ನ ಬಾಯಿಂದ ಮೊದಲು ಬರೋದೆಲ್ಲ ಹಾಗೇ." ಕಣ್ಣು ತುಂಬಿತು. "ಎರಡನೇದು ಕೇಳಿ. ನೀವಂದ್ರೆ ನನಗಿಷ್ಟ. ನಿಮ್ಮನ್ನ ಬೈಯೋಕೆ ಅಂತಲೇ ದಿನಾ ಬೇಗ ಬರ್ತಿದ್ದೆ, ಗೊತ್ತಾ?"

ಅವನು ನೋಡುತ್ತಲೇ ಇದ್ದ.

"ಏನ್ ಹಾಗೆ ನೋಡ್ತೀರಾ? ಹೇಳಿ ಆಯ್ತಲ್ಲ!"

"ಮುಕ್ತಾಯದ ಗೆರೆ ಬಂದಿಲ್ಲ," ಅಂದ ಮೆಲ್ಲಗೆ. "ಇನ್ನೂ ಏನೋ ಇದೆ ಅಂತ ಕಾಯ್ತಿದ್ದೀನಿ."

"ಆ ಗೆರೆ ನಾನು ಹಾಕೋದೇ ಇಲ್ಲ. ಏನ್ ಮಾಡ್ತೀರಾ?"

ಅವನು ಮೊದಲ ಬಾರಿಗೆ ಬಾಯ್ತುಂಬ ನಕ್ಕ.

"ಕಾಯ್ತೀನಿ. ನನಗೆ ಅದೊಂದೇ ಗೊತ್ತಿರೋದು."